ಇಲ್ಲದ ಅಂಚೆಚೀಟಿ

"ಮೇಡಂ, ಅಂಚೆಚೀಟಿ ಸಂಗ್ರಹ ನಿಮ್ಮ ಹವ್ಯಾಸ ಅಂತ ಬರೆದಿದ್ದೀರಿ. ಎಷ್ಟು ಚೀಟಿ ಇವೆ?"

ಕಾಲೇಜಿನ ಪ್ಲೇಸ್‌ಮೆಂಟ್ ರೂಮಿನಲ್ಲಿ ಅಭ್ಯಾಸಕ್ಕೆಂದು ಮಾಕ್ ಇಂಟರ್‌ವ್ಯೂ ನಡೆಯುತ್ತಿತ್ತು. ಮೇಜಿನಾಚೆ ಕುಳಿತವನು ನನ್ನ ಕ್ಲಾಸ್‌ಮೇಟ್. ಯಾರದೋ ಟೈ ಕಟ್ಟಿಕೊಂಡು ಮ್ಯಾನೇಜರ್ ಗತ್ತು ಬೇರೆ.

"ಒಂದೂ ಇಲ್ಲ," ಎಂದೆ.

ಅವನು ನಗಲಿಲ್ಲ. ನನ್ನ ರೆಸ್ಯೂಮೆಯ ಆ ಸಾಲನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿದ. ಕಣ್ಣು ಮಾತ್ರ ನನ್ನ ಕಪ್ಪು ಕಲೆಯ ಬೆರಳುಗಳ ಮೇಲಿತ್ತು. ಕೈಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟೆ.

"ಮೊನ್ನೆ ವರ್ಕ್‌ಶಾಪಲ್ಲಿ ಲೇತ್ ಸದ್ದು ಕೇಳಿಯೇ ನೀನು ಟೂಲ್ ಮೊಂಡಾಗಿದೆ ಅಂದೆ. ಮೇಷ್ಟ್ರಿಗೇ ಗೊತ್ತಾಗಿರಲಿಲ್ಲ. ಎಲ್ಲಿ ಕಲಿತೆ?"

"ಅಪ್ಪನ ಲೇತ್ ಅಂಗಡೀಲಿ ಕಬ್ಬಿಣ ಕಡೀತಾ, ಆರನೇ ಕ್ಲಾಸಿಂದ. ಆ ಗ್ರೀಸ್ ಮೆತ್ತಿದ ಶೆಡ್ಡನ್ನೆಲ್ಲ ಬರೀತಾರೇನೋ?"

"ಅದನ್ನ ಬಿಟ್ಟು ಇಲ್ಲದ ಅಂಚೆಚೀಟಿ ಬರೀತಾರಾ?"

ಸಿಟ್ಟು ನೆತ್ತಿಗೇರಿ ಎದ್ದು ಬಂದೆ. ಮೆಟ್ಟಿಲಿಳಿಯುವಾಗ ಗೊತ್ತಾಯಿತು, ಸಿಟ್ಟು ಅವನ ಮೇಲಲ್ಲ. ಅಪ್ಪನ ದುಡಿಮೆಯನ್ನು ಮುಚ್ಚಿಟ್ಟ ನನ್ನ ಮೇಲೆಯೇ. ಅಂದೇ ರೆಸ್ಯೂಮೆ ತಿದ್ದಿದೆ.

ಸೋಮವಾರ ನಿಜವಾದ ಇಂಟರ್‌ವ್ಯೂ. ವರ್ಷದಿಂದ ನಾನು ಕಣ್ಣಿಟ್ಟಿದ್ದ ಯಂತ್ರ ತಯಾರಿಸುವ ಕಂಪನಿ, ಇದ್ದದ್ದು ಒಂದೇ ಕೆಲಸ. ಹೊರಗಿನ ಬೆಂಚಿನಲ್ಲಿ ನೋಡಿದರೆ, ಅದೇ ಟೈ ಕಟ್ಟಿಕೊಂಡು ಅವನೂ ಕುಳಿತಿದ್ದ!

"ತಲೆ ಕೆಟ್ಟಿದೆಯೇನೋ? ಎದುರಾಳಿಗೆ ನೀನೇ ಪಾಠ ಹೇಳಿದ್ಯಾ?"

"ಅಂಚೆಚೀಟಿ ಹುಡುಗೀನ ಸೋಲಿಸಿದ್ರೆ ನಂಗೇನು ಮರ್ಯಾದೆ?" ಎಂದು ಓರೆಗಣ್ಣಲ್ಲಿ ನೋಡಿ ನಕ್ಕ. ಆ ನಗುವಿಗೆ ನಾನು ಓದಿದ್ದೆಲ್ಲ ಮರೆತುಹೋಯಿತು.

ಒಳಗೆ ಹಿರಿಯ ಇಂಜಿನಿಯರ್ ಕೇಳಿದರು: "ಮೆಷಿನ್ ನಡುಗ್ತಿದ್ರೆ ಮೊದಲು ಏನು ಮಾಡ್ತೀರಿ?"

ಪುಸ್ತಕದ ಉತ್ತರ ನೆನಪಾಗಲಿಲ್ಲ. ಅಪ್ಪ ಹೇಳಿಕೊಟ್ಟದ್ದು ಬಾಯಿಗೆ ಬಂತು. "ಆಫ್ ಮಾಡಿ, ಬೇರಿಂಗ್‌ಗಳ ಹತ್ತಿರ ಕೈಯಿಟ್ಟು ನೋಡ್ತೀನಿ ಸರ್, ಯಾವುದು ಹೆಚ್ಚು ಬಿಸಿಯಾಗಿದೆ ಅಂತ."

ಅವರು ಪೆನ್ನು ಕೆಳಗಿಟ್ಟು ನನ್ನ ಕೈ ನೋಡಿದರು. ನಾನು ಬಚ್ಚಿಡಲಿಲ್ಲ.

ಸಂಜೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು. ನನಗಿಂತ ಮೊದಲು ನೋಡಿ ಓಡಿ ಬಂದವನು ಅವನೇ.

"ಹೊಟ್ಟೆಕಿಚ್ಚಾಗಲ್ವಾ?"

"ಆಗತ್ತೆ. ಅದಕ್ಕಿಂತ ಹೆಮ್ಮೆ ಜಾಸ್ತಿ ಆಗ್ತಿದೆ, ಏನ್ ಮಾಡ್ಲಿ?"

"ನಾಳೆ ಅಂಗಡಿಗೆ ಬಾ. ಅಪ್ಪಂಗೆ ನಿನ್ನ ತೋರಿಸ್ಬೇಕು."

"ಏನಂತ ಪರಿಚಯ ಮಾಡಿಸ್ತೀಯ? ಕ್ಲಾಸ್‌ಮೇಟ್ ಅಂತಾನಾ?"

"ಸುಳ್ಳು ಬರಿಯೋದು, ಹೇಳೋದು ಎರಡೂ ಬಿಟ್ಟಿದ್ದೀನಿ. ನಾನು ಪ್ರೀತಿಸೋ ಹುಡುಗ ಅಂತ ಹೇಳ್ತೀನಿ."

ಅವನ ಮ್ಯಾನೇಜರ್ ಗತ್ತೆಲ್ಲ ಇಳಿದುಹೋಯಿತು. ಎಷ್ಟು ತಿಕ್ಕಿದರೂ ಗ್ರೀಸ್ ಕಲೆ ಹೋಗದ ನನ್ನ ಕೈಯನ್ನು, ಎಲ್ಲರೆದುರೇ, ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.