ತೂತಿಲ್ಲದ ಪೆಟ್ಟಿಗೆ

"ನಿಮ್ಮ ಪೆಟ್ಟಿಗಿ ಮತ್ತ ಬಂದ್ ಆಗೇತ್ರಿ."

ಶಿಗ್ಗಾಂವದ ಆ ಸಣ್ಣ ವರ್ಕ್‌ಶಾಪಿನ ಮೇಜಿನ ಮೇಲೆ ಉಳವಪ್ಪ ಪೆಟ್ಟಿಗೆ ಇಟ್ಟಾಗ ರಂಜನಾಳ ಮುಖ ಕೆಂಪಾಯಿತು.

ಮಣ್ಣಿನ ತೇವ ಅಳೆದು ಮೊಬೈಲಿಗೆ ತಿಳಿಸುವ ಬ್ಯಾಟರಿ ಪೆಟ್ಟಿಗೆ ಅದು. ಮೊದಲು ಅದಕ್ಕೆ ಹೊರಗೊಂದು ಬಟನ್ ಇತ್ತು. ಅದರ ಸಂದಿಯಿಂದ ನೀರಿಳಿದು ಎಷ್ಟೋ ಪೆಟ್ಟಿಗೆಗಳು ಹಾಳಾಗಿದ್ದವು. ರಂಜನಾ ಬಟನ್ನನ್ನೇ ಕಿತ್ತೊಗೆದಳು! ಈಗ ತೂತೇ ಇಲ್ಲ. ಮೇಲಿನ ಕೆಂಪು ಚುಕ್ಕೆಗೆ ಆಯಸ್ಕಾಂತ ಮುಟ್ಟಿಸಿದರೆ ಒಳಗಿನ ಸ್ವಿಚ್ ಆನ್, ಮತ್ತೆ ಮುಟ್ಟಿಸಿದರೆ ಆಫ್. ಹೆಣ್ಣುಮಗಳಿಗೆ ಇದೆಲ್ಲ ಎಲ್ಲಿ ಬರುತ್ತದೆ ಎಂದವರ ಬಾಯಿ ಹಾಗೆ ಮುಚ್ಚಿಸಿದ್ದಳು.

ಆದರೆ ಸವಣೂರಿನ ಉಳವಪ್ಪನ ವೀಳ್ಯದೆಲೆ ತೋಟದಲ್ಲಿ ಮಾತ್ರ ಅದು ಒಂದು ದಿನ ಬಂದ್, ಮರುದಿನ ಚಾಲೂ. ಶನಿವಾರದೊಳಗೆ ಸರಿಹೋಗದಿದ್ದರೆ ಮತ್ತೆ ಬಟನ್ನೇ ಹಾಕೋಣ ಎಂದು ವರ್ಕ್‌ಶಾಪಿನ ಮಾಲೀಕರು ಹೇಳಿಬಿಟ್ಟಿದ್ದರು.

ಎಷ್ಟು ಪರೀಕ್ಷಿಸಿದರೂ ತಪ್ಪು ಸಿಗಲಿಲ್ಲ. ಆಯಸ್ಕಾಂತ ಇರುವುದು ಇವನ ಕೈಯಲ್ಲಿ... ಬಂದರೆ ಚಹಾ ಮುಗಿದರೂ ಏಳುವವನಲ್ಲ... ನನ್ನನ್ನು ನೋಡಲು ಇವನೇ ಆಫ್ ಮಾಡುತ್ತಿದ್ದಾನೆಯೇ?

"ಇಲ್ಲಿಗೆ ಬರಾಕ ನೀವ ಬಂದ್ ಮಾಡಾಕತ್ತೀರೇನ್ರಿ?" ಕೇಳಿಯೇಬಿಟ್ಟಳು.

ಉಳವಪ್ಪ ಎದ್ದು ನಿಂತ. "ನಿಮ್ಮನ್ನ ನೋಡೂ ಆಸೆ ಐತ್ರಿ, ಸುಳ್ಳು ಹೇಳಂಗಿಲ್ಲ. ಅದಕ್ಕಂತ ನಿಮ್ಮ ಕೆಲಸ ಕೆಡಸೂ ಮನಷ್ಯಾ ಅಲ್ಲ ನಾ."

ಪೆಟ್ಟಿಗೆ ಎತ್ತಿಕೊಂಡು ಹೊರಟೇಹೋದ.

ಮರುದಿನ ರಂಜನಾ ಮೊದಲ ಬಸ್ಸಿಗೇ ಸವಣೂರಿಗೆ ಹೋದಳು. ಪೆಟ್ಟಿಗೆ ತೋಟದ ಬಾಗಿಲ ಕಟ್ಟೆಯ ಮೇಲಿತ್ತು; ಅದರ ತಂತಿ ಬಳ್ಳಿಯ ಬುಡದ ಮಣ್ಣಿಗಿಳಿದಿತ್ತು, ಚಾಲೂ ಇದೆಯೆಂದು ತೋರಿಸುವ ದೀಪ ಉರಿಯುತ್ತಿತ್ತು. ಎಲೆಬಳ್ಳಿ ದೇವರ ಸಮಾನವೆಂದು ಅಲ್ಲಿ ಚಪ್ಪಲಿ ಬಿಟ್ಟೇ ಒಳಹೋಗುವ ಪದ್ಧತಿ. ಚಪ್ಪಲಿಯ ಜೊತೆ ಈಗ ಮೊಬೈಲೂ ಹೊರಗೇ.

ಎಲೆ ಕೊಯ್ಯುವ ಅನ್ನವ್ವ ಬಂದಳು. ಮೊಬೈಲನ್ನು ನೆಲಕ್ಕಿಡಬಾರದೆಂದು ಪೆಟ್ಟಿಗೆಯ ಮೇಲಿಟ್ಟು, ಕೈಮುಗಿದು ಒಳಗೆ ನಡೆದಳು.

ಪೆಟ್ಟಿಗೆಯ ದೀಪ ಆರಿತು!

ರಂಜನಾ ಮೊಬೈಲ್ ಎತ್ತಿ ನೋಡಿದಳು. ಅದರ ಕವರು ಮುಚ್ಚಿಕೊಳ್ಳಲೆಂದು ಅಂಚಿನಲ್ಲೊಂದು ಪುಟ್ಟ ಆಯಸ್ಕಾಂತವಿತ್ತು.

ಎರಡೇ ದಿನದಲ್ಲಿ ಸ್ವಿಚ್ಚನ್ನು ತಿದ್ದಿದಳು. ಈಗ ಬರೀ ಮುಟ್ಟಿಸಿದರೆ ಸಾಲದು, ಐದು ಎಣಿಸುವುದರೊಳಗೆ ಮೂರು ಸಲ ಮುಟ್ಟಿಸಿ ತೆಗೆಯಬೇಕು. ಶನಿವಾರ ತೋಟದಲ್ಲಿ, ಮಾಲೀಕರ ಎದುರೇ ಅನ್ನವ್ವ ಮೊಬೈಲ್ ಇಟ್ಟಳು, ಎತ್ತಿದಳು. ದೀಪ ಉರಿಯುತ್ತಲೇ ಇತ್ತು. ಇನ್ನು ಬಟನ್ ಮಾತೇ ಬೇಡ ಎಂದು ಮಾಲೀಕರು ಅಲ್ಲೇ ಒಪ್ಪಿದರು.

ಉಳವಪ್ಪ ಅಕ್ಕಪಕ್ಕದ ತೋಟದವರನ್ನೆಲ್ಲ ಕರೆದು, ಇದನ್ನು ಮಾಡಿದವರು ಇವರೇ ಎಂದು ತಾನೇ ಗೆದ್ದವನಂತೆ ಹೇಳುತ್ತಿದ್ದ. ರಂಜನಾಳಿಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಎಲ್ಲರೂ ಹೋದ ಮೇಲೆ ಅವನ ಬಳಿ ಬಂದಳು.

"ಪೆಟ್ಟಿಗಿ ತಪ್ಪು ತಿದ್ದೇನ್ರಿ. ನಾ ಆಡಿದ ಮಾತು ಹೆಂಗ ತಿದ್ದಲಿ?"

"ಅದನ್ನ ನಾ ಅವತ್ತ ಮರ್ತೇನ್ರಿ."

"ನೀವು ಆಡಿದ್ದು ನಾ ಮರ್ತಿಲ್ಲ..." ರಂಜನಾ ತಲೆಯೆತ್ತಿ ನೇರ ನೋಡಿದಳು. "ನಾಳೆ ನಿಮ್ಮ ಅವ್ವಾರನ್ನ ನಮ್ಮ ಮನಿಗೆ ಕರಕೊಂಡು ಬರ್ರಿ."

"ಏನಂತ ಹೇಳಿ ಕರಕೊಂಡು ಬರ್ಲಿ?"

"ಹೆಣ್ಣು ಕೇಳಾಕ ಅಂತ ಹೇಳ್ರಿ. ಹುಡುಗಿ ಒಪ್ಯಾಳ ಅಂತನೂ ಹೇಳ್ರಿ."