ಮಾಯವಾದ ದೃಷ್ಟಿಬೊಟ್ಟು

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆಯುವ ಹೊತ್ತಿಗೇ ಕಳವು ಬಯಲಾಗಿತ್ತು. ಕಾಣೆಯಾಗಿದ್ದು ಜೀವಕೋಶಗಳು — ಮೂರರಲ್ಲಿ ಒಂದು ಪಾಲು.

ಅಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಸಂಶೋಧಕಿಯನ್ನು ಕಿರಿಯಳು ಎಂದೇ ಕರೆಯುತ್ತಿದ್ದರು. ಒಂದು ಔಷಧದ ಮೇಲೆ ಅವಳು ಎರಡು ವರ್ಷ ದುಡಿದಿದ್ದಳು. ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವುದು, ಔಷಧ ಹಾಕುವುದು, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆಯುವುದು. ಆಮೇಲೆ ಎಣಿಸುವ ಕೆಲಸ ತಂತ್ರಾಂಶದ್ದು. ಔಷಧ ಹಾಕಿದ ಕಡೆ ಚಿಕ್ಕ ಚಿಕ್ಕ ಎಳೆಯ ಕೋಶಗಳು ದಂಡಿಯಾಗಿ ಉಳಿದಿದ್ದವು. ಅವಳ ಪ್ರಬಂಧ ನಿಂತಿದ್ದೇ ಅದರ ಮೇಲೆ. ಈಗ ಪರಿಶೀಲನೆಗೆ ಕೊಟ್ಟಿದ್ದ ಇನ್ನೊಂದು ಪ್ರಯೋಗಾಲಯದವರು ಫೋನ್ ಮಾಡಿದ್ದರು: ಅದೇ ಫೋಟೋ, ಅದೇ ತಂತ್ರಾಂಶ, ಆದರೆ ಎಳೆಯ ಕೋಶಗಳ ಸುಳಿವೇ ಇಲ್ಲ.

ಪ್ರಯೋಗಾಲಯದ ಮುಖ್ಯಸ್ಥರಾದ ಸರ್ ಅವಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅವರ ಕುರ್ಚಿಯ ಹಿಂದೆ ಹೋದ ತಿಂಗಳ ಸಮ್ಮೇಳನದಲ್ಲಿ ಬಹುಮಾನ ಪಡೆದ ಪೋಸ್ಟರ್ ತೂಗುತ್ತಿತ್ತು. ಅವಳೇ ತೆಗೆದ ಫೋಟೋಗಳು ಅದರಲ್ಲಿ ಬೆಳಗಿಟ್ಟ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು.

"ನೋಡಮ್ಮ, ಆತುರದಲ್ಲಿ ಸಂಖ್ಯೆ ಸ್ವಲ್ಪ ಜಾಸ್ತಿ ಬರ್ಕೊಂಡಿದ್ರೆ ಈಗ್ಲೇ ಹೇಳ್ಬಿಡು."

"ಒಂದನ್ನೂ ಸೇರಿಸಿಲ್ಲ ಸರ್."

"ಹಾಗಾದ್ರೆ ಏನಾಯ್ತು ಅಂತ ನಾಳೆ ಅವರಿಗೆ ಹೇಳ್ಬೇಕು. ಹೇಳೋಕಾಗ್ದಿದ್ರೆ ಪ್ರಬಂಧ ವಾಪಸ್ ತಗೋಬೇಕು. ಆಮೇಲೆ ನಿನ್ನ ಹೆಸರು..."

ಸುಳ್ಳು ಲೆಕ್ಕ ಬರೆದವಳು ಎಂಬ ಮಾತು ಒಮ್ಮೆ ಹೊರಬಿದ್ದರೆ ಯಾವ ಪ್ರಯೋಗಾಲಯವೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ಅಮ್ಮ ಬೇರೆ, ದೊಡ್ಡಮ್ಮನಿಂದ ಹಿಡಿದು ಸೋದರತ್ತೆಯವರೆಗೆ ಎಲ್ಲರಿಗೂ ಮಗಳ ಹೆಸರು ಅಚ್ಚಾಗುತ್ತದೆ ಎಂದು ಡಂಗುರ ಹೊಡೆದಾಗಿತ್ತು.

ಕಿರಿಯಳು ತನ್ನ ಕಂಪ್ಯೂಟರಿನಲ್ಲೇ ಮತ್ತೆ ಎಣಿಸಿದಳು. ಅವಳಿಗೂ ಕಡಿಮೆಯೇ ಬಂತು. ತಟ್ಟೆಗಳನ್ನಾದರೂ ತೆಗೆದು ನೋಡೋಣವೆಂದರೆ, ಫೋಟೋ ಆದ ಕೂಡಲೇ ಅವನ್ನು ನಾಶ ಮಾಡಬೇಕೆಂಬುದು ಅಲ್ಲಿನ ನಿಯಮ.

ಅವಳು ನೇರ ಹೋಗಿದ್ದು ರಿಪೇರಿ ಅಕ್ಕನ ಹತ್ತಿರ. ಪ್ರಯೋಗಾಲಯದ ತಂತ್ರಾಂಶಗಳನ್ನೆಲ್ಲ ನೋಡಿಕೊಳ್ಳುವ ಎಂಜಿನಿಯರ್ ಆಕೆ. ಕೆಟ್ಟದ್ದನ್ನು ಸರಿಮಾಡುತ್ತಿದ್ದಳು, ಕೆಡಿಸಿದವರಿಗೆ ಮಂಗಳಾರತಿ ಎತ್ತುತ್ತಿದ್ದಳು.

"ನೀನು ಎಣಿಸಿದ್ಮೇಲೆ ಏನೇನು ಬದಲಾಗಿದೆ?" ಅಕ್ಕ ಕೇಳಿದಳು.

ಎರಡು ಬದಲಾಗಿದ್ದವು. ಎಣಿಸುವ ತಂತ್ರಾಂಶವನ್ನು ಬರೆದ ಹಿರಿಯಣ್ಣ ಅದರ ಹೊಸ ಆವೃತ್ತಿ ಹಾಕಿದ್ದ. ಅದಲ್ಲದೆ ಫೋಟೋಗಳೆಲ್ಲ ಹಳೆಯ ಸರ್ವರಿನಿಂದ ಹೊಸದಕ್ಕೆ ಹೋಗಿದ್ದವು.

ಹಿರಿಯಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ತನ್ನ ತಂತ್ರಾಂಶದ ಮೇಲೆ ಗೂಬೆ ಕೂರಿಸಬೇಡಿ ಎಂದು ಶುರುಮಾಡಲಿದ್ದ. ಅಕ್ಕ ಹಳೆಯ ಆವೃತ್ತಿಯಲ್ಲೂ ಹೊಸದರಲ್ಲೂ ಅದೇ ಫೋಟೋಗಳನ್ನು ಎಣಿಸಿ ಅವನ ಮುಂದಿಟ್ಟಳು. ಎರಡರಲ್ಲೂ ಒಂದೇ ಉತ್ತರ. ತಪ್ಪು ಅವನದಲ್ಲ. ಸರ್ವರ್ ನೋಡಿಕೊಳ್ಳುವ ಹುಡುಗನೂ ಪಾರಾದ: ಸಾಗಿಸುವಾಗ ಕೆಟ್ಟಿದ್ದರೆ ಫೋಟೋ ತೆರೆದುಕೊಳ್ಳುತ್ತಲೇ ಇರಲಿಲ್ಲ. ಆದರೆ ಸಾಗಿಸಿದ್ದರಿಂದ ಎಲ್ಲ ಫೋಟೋಗಳಿಗೂ ಒಂದೇ ತಾರೀಖು ಬಿದ್ದಿತ್ತು. ಅದಕ್ಕೆ ಮೊದಲು ಯಾರು ಯಾವಾಗ ಮುಟ್ಟಿದ್ದರೋ, ತಿಳಿಯುವಂತಿರಲಿಲ್ಲ.

ಇನ್ನು ಉಳಿದವಳು ಕಿರಿಯಳೊಬ್ಬಳೇ. ಅದು ಅವಳಿಗೂ ಗೊತ್ತಾಯಿತು.

ಅಕ್ಕ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಹೋದಳು. ಆಮೇಲೆ ಬೇರೆ ಯಾರದೋ ಫೋಟೋ ತೆರೆದಳು. ಮತ್ತೆ ಇವಳದು. ಮತ್ತೆ ಅವರದು.

"ಎಡಗಡೆ ಮೂಲೇಲಿ ಈ ಕಪ್ಪು ಚುಕ್ಕೆ ಏನು?"

"ಅದಾ? ನಮ್ಮ ದೃಷ್ಟಿಬೊಟ್ಟು," ಹಿರಿಯಣ್ಣ ಹೇಳಿದ. "ಲೆನ್ಸ್ ಒಳಗಿನ ಧೂಳು. ಮೂರು ವರ್ಷದಿಂದ ಇದೆ. ಕಂಪನಿಯವನು ಬಂದು ಬಿಚ್ಚೋವರೆಗೂ ಹೋಗಲ್ಲ. ತಂತ್ರಾಂಶಕ್ಕೆ ಅದನ್ನ ಎಣಿಸ್ಬೇಡ ಅಂತ ಹೇಳ್ಕೊಟ್ಟಿದೀನಿ."

"ಎಲ್ಲಾ ಫೋಟೋದಲ್ಲೂ ಇರುತ್ತಾ?"

"ಎಲ್ಲಾದ್ರಲ್ಲೂ."

"ಇವಳ ಫೋಟೋದಲ್ಲಿ ತೋರ್ಸು ನೋಡೋಣ."

ಹಿರಿಯಣ್ಣ ಬಗ್ಗಿದ. ಕಿರಿಯಳೂ ಬಗ್ಗಿದಳು. ಇರಲಿಲ್ಲ. ಒಂದರಲ್ಲೂ ಇರಲಿಲ್ಲ. ದಿನಾ ನೋಡಿ ನೋಡಿ ಆ ಚುಕ್ಕೆ ಕಣ್ಣಿಗೆ ಕಾಣುವುದೇ ನಿಂತುಹೋಗಿತ್ತು, ಹೋಗಿದ್ದೂ ಕಾಣಲಿಲ್ಲ.

ಅಕ್ಕ ಎದ್ದು ಸರ್ ಕೋಣೆಗೆ ನಡೆದಳು. ಇಬ್ಬರೂ ಹಿಂದೆಯೇ ಹೋದರು. ಆಕೆ ಸರ್ ಮುಖ ನೋಡಲಿಲ್ಲ, ಗೋಡೆಯ ಪೋಸ್ಟರ್ ನೋಡಿದಳು.

"ಫೋಟೋ ಬಹಳ ಚೆನ್ನಾಗಿವೆ ಸರ್. ತೊಳೆದ ಹಾಗಿವೆ."

"ಮತ್ತೆ? ಧೂಳಿನ ಚುಕ್ಕೆ ಇಟ್ಕೊಂಡು ಸಮ್ಮೇಳನಕ್ಕೆ ಹೋಗೋಕಾಗುತ್ತಾ? ಚುಕ್ಕೆ ತೆಗೆಯೋ ಸಾಧನ ಇದೆಯಲ್ಲ, ಫೋಲ್ಡರ್‌ಗೆಲ್ಲ ಒಂದೇ ಸಲ ಹಾಕ್ದೆ."

"ಯಾವ ಫೋಲ್ಡರ್‌ಗೆ?"

"ನನ್ನ ಡೆಸ್ಕ್‌ಟಾಪ್ ಮೇಲಿನ ನಕಲಿಗೆ."

"ಅದು ನಕಲಲ್ಲ ಸರ್, ಶಾರ್ಟ್‌ಕಟ್. ತೆರೆದ್ರೆ ಸರ್ವರಿನ ಅಸಲಿ ಫೋಲ್ಡರ್ರೇ ತೆರೆಯೋದು. ನಾನೇ ಹಾಕ್ಕೊಟ್ಟಿದ್ದು." ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಆ ಸಾಧನಕ್ಕೆ ಧೂಳು ಯಾವುದು, ಎಳೆಯ ಕೋಶ ಯಾವುದು ಅಂತ ಗೊತ್ತಾಗಲ್ಲ. ಚಿಕ್ಕದಾಗಿ ಕಪ್ಪಗಿದ್ದದ್ದನ್ನೆಲ್ಲ ಗುಡಿಸಿ ಹಾಕಿದೆ. ಇವಳು ಎಣಿಸಿದ್ದು ಅದಕ್ಕೆ ಮುಂಚೆ. ಅವರಿಗೆ ಫೋಟೋ ಹೋಗಿದ್ದು ಆಮೇಲೆ. ಇವಳು ಏನನ್ನೂ ಸೇರಿಸಿಲ್ಲ. ಅಳಿಸಿದ್ದು ನೀವು."

ಸರ್ ಚೀಲಕ್ಕೆ ಕೈಹಾಕಿ ತಡಕಾಡತೊಡಗಿದರು. ಕೀಲಿಗೊಂಚಲು ಬಂತು, ಬಾಚಣಿಗೆ ಬಂತು, ಕೊನೆಗೆ ಒಂದು ಪೆನ್‌ಡ್ರೈವ್ ಬಂತು. ಕಂಪ್ಯೂಟರ್ ಕೈಕೊಟ್ಟರೆ ಇರಲಿ ಎಂದು, ಚುಕ್ಕೆ ತೆಗೆಯುವ ಮೊದಲು ಎಲ್ಲ ಫೋಟೋ ಇದಕ್ಕೆ ಹಾಕಿಕೊಂಡಿದ್ದೆ ಎಂದರು. ಹಾಗೆ ಹಾಕಿಕೊಂಡಿದ್ದು ಅವರಿಗೆ ನೆನಪಾಗಿದ್ದೂ ಆಗಲೇ.

ಪೆನ್‌ಡ್ರೈವಿನ ಪ್ರತಿ ಫೋಟೋದ ಎಡಮೂಲೆಯಲ್ಲೂ ದೃಷ್ಟಿಬೊಟ್ಟು ಇತ್ತು. ಹಿರಿಯಣ್ಣ ತಾನೇ ಕೂತು ಎಣಿಸಿದ. ಕಿರಿಯಳು ಬರೆದ ಸಂಖ್ಯೆಗಳು ಒಂದೂ ಹೆಚ್ಚುಕಡಿಮೆಯಿಲ್ಲದೆ ಹಾಗೆಯೇ ಬಂದವು.

ಸರ್ ಎಲ್ಲರ ಎದುರಿಗೇ ಆ ಪ್ರಯೋಗಾಲಯಕ್ಕೆ ಫೋನ್ ಮಾಡಿದರು. ಹುಡುಗಿಯದು ಸರಿಯಿದೆ, ತಪ್ಪು ನನ್ನದು ಎಂದರು. ಯಾವ ಗುಂಡಿ ಒತ್ತಿದೆನೆಂಬುದನ್ನೂ ಮುಚ್ಚಿಡಲಿಲ್ಲ. ಫೋನ್ ಇಟ್ಟು ಕಿರಿಯಳ ಕಡೆ ತಿರುಗಿದರು.

"ನಿನ್ನನ್ನ ಅನುಮಾನಿಸ್ದೆ. ತಪ್ಪಾಯ್ತಮ್ಮ."

ಅವಳು ತಲೆಯಾಡಿಸಿದಳು. ಅಷ್ಟು ಸಾಕಿತ್ತು. ಸರ್ ಎದ್ದು ಪೋಸ್ಟರನ್ನು ಮೊಳೆಯಿಂದ ಬಿಡಿಸಿ, ಸುರುಳಿ ಸುತ್ತಿ ಬೀರುವಿನ ಹಿಂದೆ ನಿಲ್ಲಿಸಿದರು.

ಹೊರಗೆ ಬಂದಮೇಲೆ ಹಿರಿಯಣ್ಣ ಹೇಳಿದ, "ಕಂಪನಿಯವನು ನಾಳೆ ಬರ್ತಾನಂತೆ. ಧೂಳು ತೆಗೆಯೋಕೆ."

"ಬೇಡ ಅನ್ನಿ," ಎಂದಳು ಕಿರಿಯಳು. "ಪ್ರಬಂಧ ಅಚ್ಚಾಗೋವರೆಗೂ ಅದು ಅಲ್ಲೇ ಇರಲಿ."