ಮೊದಲ ದಿನದ ಪ್ರತಿ

"ತಮ್ಮಾ, ನಮ್ಮ ಮನಿಯವ್ರು ಇದ್ದಾಗಿನ ಕಾಪಿ ತೆಗಿ. ಹೆಸರಿಗೆ 'ದಿವಂಗತ' ಅಂತ ಇರಲಾರದ್ದನ್ನ ಒಂದ್ಸಲ ನೋಡ್ತೀನಿ," ಅಂದರು ಸುಕನ್ಯಕ್ಕ.

2003ರ ಮಾತು. ಹಗರಿಬೊಮ್ಮನಹಳ್ಳಿಯ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರ್ ದಿನಾ ಸಂಜೆ ಎಲ್ಲ ಫೈಲುಗಳ ಪ್ರತಿಯನ್ನು ತಾರೀಖಿನ ಪ್ರಕಾರ ಎತ್ತಿಡುತ್ತಿತ್ತು. ಹಳೆಯದನ್ನು ಓದಬಹುದು, ಯಾರೂ ತಿದ್ದಲಾಗದು. ಅಕ್ಕನ ಮಗಳ ಮದುವೆ ಕಾರ್ಡಿಗೆ ಆ ಪದ ನಾನು ಸೇರಿಸಿದ್ದು ಅವರ ಗಂಡ ಕೊಟ್ರಸ್ವಾಮಿಯವರು ತೀರಿಕೊಂಡ ಮೇಲೆ.

ಸಾಯುವ ಹಿಂದಿನ ದಿನದ ಪ್ರತಿ ತೆಗೆದೆ. ದಿವಂಗತ ಇತ್ತು. ಅದರ ಹಿಂದಿನ ವಾರದ್ದರಲ್ಲೂ ಇತ್ತು. ಕೊಟ್ರಸ್ವಾಮಿಯವರೇ ನನ್ನ ಪಕ್ಕ ಕೂತು ಬರೆಸಿದ ಮೊದಲ ದಿನದ್ದರಲ್ಲೂ ಇತ್ತು.

"ಅವತ್ತು ಅವ್ರು ಓದಿ ನೋಡಿದ್ರೇನು?"

"ಎರಡು ಸಲ ಓದಿದ್ರಕ್ಕ. ಎಲ್ಲಾ ಸರಿ ಐತಿ ಅಂದ್ರು."

ಅಕ್ಕ ಪರದೆಯ ಮೇಲಿನ ಆ ಪದವನ್ನು ಹೆಬ್ಬೆರಳಿಂದ ಮುಚ್ಚಲು ಹೋಗಿ ಚಟಕ್ಕನೆ ಕೈ ತೆಗೆದರು. ನಾನೂ ಮುಟ್ಟಿದೆ. ಮುಂಜಾನೆಯಿಂದ ಉರಿಯುತ್ತಿದ್ದ ಪರದೆ ಅಲ್ಲಿ ಮಾತ್ರ ಕೊಡದ ನೀರಿನಷ್ಟು ತಣ್ಣಗಿತ್ತು.